ಅಡಿಕೆ ಕೊಯ್ಲು ನೋಡಿ ಫೋಟೋಶೂಟ್ ಡೇಟ್ ಫಿಕ್ಸ್ ಮಾಡಿದ್ದು

ನಿಶ್ಚಿತಾರ್ಥ ಕಳೆದು ಎರಡೂವರೆ ತಿಂಗಳಾಯ್ತು, ಮದುವೆಗೆ ಮೊದಲಿನ ಫೋಟೋಶೂಟಿನ ಫೋಟೋಗಳೆಲ್ಲ ಕೈಗೆ ಬಂದು ಒಂದು ವಾರ. ಸ್ಟೇಟಸಲ್ಲಿ ನಾಲ್ಕೇ ನಾಲ್ಕು ಹಾಕಿದ್ದೆ, ಅಷ್ಟಕ್ಕೇ ಆರೇಳು ಜನ ಮೆಸೇಜ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ, ಆ ಕಿತ್ತಳೆ ಬಣ್ಣದ ಮೇಲೆ ನೀವಿಬ್ರು ನಡೀತಾ ಇರುವ ಫೋಟೋ ಉಂಟಲ್ಲ ಅದು ಯಾವ ರೆಸಾರ್ಟಲ್ಲಿ ತೆಗೆದದ್ದು ಅಂತ. ರೆಸಾರ್ಟ್ ಅಲ್ಲ ಮಾರಾಯ್ರೆ, ಅದು ನಮ್ಮ ಮನೆಯ ಅಂಗಳ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಹೋಗುವ ರೋಡಲ್ಲಿ. ಕಾಲಡಿಯಲ್ಲಿ ಇರುವುದು ಹಣ್ಣಡಿಕೆ. ಒಬ್ಬೊಬ್ಬರಿಗೆ ವಾಯ್ಸ್ ಮೆಸೇಜ್ ಕಳಿಸುವ ಬದಲು ಇಲ್ಲಿಯೇ ಎಲ್ಲ ಬರೆದು ಬಿಡುವ ಅಂತ ಕೂತಿದ್ದೇನೆ, ಮುಂದಿನ ಸೀಸನಿಗೆ ಬದ್ಧ (ನಿಶ್ಚಿತಾರ್ಥ) ಇಟ್ಟುಕೊಂಡಿರುವ ಕಸಿನ್‌ಗಳು ಇಬ್ಬರು ಇದ್ದಾರೆ, ಅವರಿಗೂ ಉಪಯೋಗ ಆಗ್ತದೆ.

ಮೊದಲು ಮನೆಯ ವಿಷಯ ಹೇಳಿಬಿಡ್ತೇನೆ. ನಮ್ಮಲ್ಲಿ ಹುಡುಗ ಹುಡುಗಿ ಇಬ್ಬರೇ ಹೋಗಿ ಮದುವೆಗೆ ಮೊದಲೇ ಫೋಟೋ ತೆಗೆಸಿಕೊಳ್ಳುವುದು ಅಂದ್ರೆ ಎಲ್ಲರಿಗೂ ಒಪ್ಪಿಗೆ ಇರುವ ಸಂಗತಿ ಅಲ್ಲ. ದೊಡ್ಡಪ್ಪ ಕೇಳಿಯೇ ಕೇಳಿದರು, "ಮದುವೆ ಅಪ್ಪ ಮೊದಲೇ ಎಂತಕೆ ಈ ಪಟ ಎಲ್ಲ?" (ಮದುವೆ ಆಗುವ ಮೊದಲೇ ಯಾಕೆ ಈ ಫೋಟೋ ಎಲ್ಲ ಅಂತ.) ಅವರು ಬೈದದ್ದಲ್ಲ, ನಿಜವಾಗಿ ಕೇಳಿದ್ದು. ನಾನೂ ನಿಜವಾಗಿಯೇ ಉತ್ತರ ಹೇಳಿದೆ. ಇವರು (ನನ್ನ ಹುಡುಗ) ಬೆಂಗಳೂರಲ್ಲಿ, ನಾನು ಮಂಗಳೂರಲ್ಲಿ ಕೆಲಸ, ಜಾತಕ ಕೂಡಿ ಬಂದ ಮೇಲೆ ನಾವು ಮುಖ ನೋಡಿ ಮಾತಾಡಿದ್ದು ಒಟ್ಟು ಮೂರು ಸಲ, ಅದೂ ಸುತ್ತ ಹದಿನೈದು ಜನ ಕೂತಿರುವಾಗ. ಒಂದು ದಿನ ಪೂರ್ತಿ ಒಟ್ಟಿಗೆ ಒಂದು ಕೆಲಸ ಮಾಡಿ ನೋಡ್ಲಿಕ್ಕೆ ಇದೊಂದು ಅವಕಾಶ ದೊಡ್ಡಪ್ಪ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬದ್ಧ ಕಳೀಲಿ, ಮತ್ತೆ ತಮ್ಮನನ್ನು ಜೊತೆಗೆ ಕರ್ಕೊಂಡು ಹೋಗಿ ಅಂದ್ರು. ಹಾಗೆ ತಮ್ಮ ನಮ್ಮ ಟೀಮಿಗೆ ಸೇರಿದ. ಅವನಿಲ್ಲದಿದ್ದರೆ ಅರ್ಧ ಫೋಟೋ ಆಗ್ತಿರಲಿಲ್ಲ, ಮುಂದೆ ಹೇಳ್ತೇನೆ.

ನಮ್ಮ ಮೊದಲಿನ ಪ್ಲ್ಯಾನು ಎಲ್ಲರದ್ದೂ ಇರುವ ಪ್ಲ್ಯಾನೇ. ಬೇಕಲ ಕೋಟೆ, ಸಮುದ್ರ, ಸೂರ್ಯಾಸ್ತ. ನನಗೆ ಆ ಕೋಟೆ ಅಂದ್ರೆ ಚಿಕ್ಕಂದಿನಿಂದ ಪ್ರೀತಿ, ಕೆಳದಿಯ ಶಿವಪ್ಪ ನಾಯಕನ ಕಾಲದ್ದು, ಸುಮಾರು 40 ಎಕರೆ ಜಾಗ, ನಮ್ಮ ಕನ್ನಡದ ಅರಸು ಕಟ್ಟಿಸಿದ್ದು ಅಂತ ಅಜ್ಜ ಶಾಲೆ ಟೂರಿಗೆ ಹೋಗುವ ಮೊದಲೇ ಹೇಳಿ ಕಳಿಸಿದ್ದರು. ಬದ್ಧ ಆಗಿ ಹತ್ತು ದಿನಕ್ಕೆ, ನವೆಂಬರ್ ಕೊನೆಗೆ, ಇವರು ರಾತ್ರಿ ಬಸ್ಸಲ್ಲಿ ಬಂದ್ರು, ಮಧ್ಯಾಹ್ನ ಊಟ ಮಾಡಿ ಹೊರಟೆವು, ಹೈವೇ ಕೆಲಸದ ಧೂಳು, ಡೈವರ್ಷನ್ನು ಎಲ್ಲ ದಾಟಿ ಕೋಟೆ ಗೇಟಿಗೆ ಮುಟ್ಟುವಾಗ ನಾಲ್ಕು ಗಂಟೆ ದಾಟಿತ್ತು. ಟಿಕೆಟ್ ತಗೊಂಡು ಒಳಗೆ ಹೋಗ್ಲಿಕ್ಕೆ ಹೊರಟರೆ ಟ್ರೈಪಾಡು, ಲೈಟಿನ ಸ್ಟ್ಯಾಂಡು ನೋಡಿ ಅಲ್ಲಿಯೇ ನಿಲ್ಲಿಸಿದ್ರು. ಅದು ಕೇಂದ್ರ ಪುರಾತತ್ವ ಇಲಾಖೆಯ ಜಾಗ. ಸ್ಟ್ಯಾಂಡ್ ಇಟ್ಟು ತೆಗೆಯುವುದಾದ್ರೆ ಮೊದಲೇ ಪರ್ಮಿಷನ್ ಬೇಕು, ಡ್ರೋನ್ ಅಂತೂ ಕೇಳುವುದೇ ಬೇಡ. ಗೇಟಿನವರು ಮರ್ಯಾದೆಯಲ್ಲಿಯೇ ಹೇಳಿದ್ರು, ತಪ್ಪು ನಮ್ಮದು, ಫೋಟೋಗ್ರಾಫರ್ ನಾವು ಕೇಳಿದ್ದೇವೆ ಅಂದುಕೊಂಡಿದ್ದ, ನಾವು ಅವನು ಕೇಳಿದ್ದಾನೆ ಅಂದುಕೊಂಡಿದ್ದೆವು. ಸ್ಟ್ಯಾಂಡೆಲ್ಲ ಕಾರಲ್ಲಿಟ್ಟು ಬಂದು ನಾಲ್ಕು ಫೋಟೋ ತೆಗೀಲಿಕ್ಕೆ ಶುರು ಮಾಡುವಾಗ ಐದೂವರೆ, ವಿಸಿಲ್. ಎಲ್ಲರೂ ಹೊರಗೆ. ಆ ದಿನ ಸೂರ್ಯ ಮುಳುಗುವುದು ಆರು ಗಂಟೆಗೆ. ಅಂದ್ರೆ ಕೋಟೆಯ ಒಳಗಿಂದ ಸೂರ್ಯಾಸ್ತ ನಮಗೆ ಸಿಗ್ತಿದ್ದದ್ದೇ ಅಲ್ಲ. ಬೀಚಿಗೆ ಇಳಿದರೆ ಭಾನುವಾರದ ಜನ, ಗಾಳಿಗೆ ನನ್ನ ಕೂದಲು ಬಾಯಿಗೆ, ಪಶ್ಚಿಮದಲ್ಲಿ ದಪ್ಪ ಮೋಡ.

ವಾಪಸು ಬರುವಾಗ ಕಾರಲ್ಲಿ ನನಗೆ ಅಳು ಬಂತು. ಇವರು ಸಮಾಧಾನ ಹೇಳ್ಲಿಲ್ಲ, ಬದಲಿಗೆ ಕೇಳಿದ್ರು, "ನಿನಗೆ ಆ ಕೋಟೆ ಎಂತಕೆ ಬೇಕಿತ್ತು?" ನಾನು ಯೋಚಿಸಿ ಹೇಳಿದೆ, ಚಿಕ್ಕವಳಿರುವಾಗ ಹೋಗಿದ್ದೆ, ಅದಕ್ಕೆ. "ಹಾಗಾದ್ರೆ ನೀನು ಚಿಕ್ಕಂದಿನಿಂದ ದಿನಾ ಇರುವ ಜಾಗ ಆಗಬಹುದಲ್ಲ" ಅಂದ್ರು. ಅಷ್ಟೇ ಮಾತು. ಆ ಮಾತಲ್ಲಿಯೇ ನಮ್ಮ ಅಂಗಳ ಕಣ್ಣಿಗೆ ಬಂತು.

ಈಗ ಅಡಿಕೆ ವಿಷಯ. ನಮ್ಮ ಕಡೆಯವರಿಗೆ ಗೊತ್ತಿರ್ತದೆ, ಘಟ್ಟದ ಮೇಲಿನವರಿಗಾಗಿ ಹೇಳ್ತೇನೆ, ಅವರದ್ದು ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವ ಕ್ರಮ. ನಮ್ಮದು ಚಾಲಿ. ಮರದಲ್ಲಿಯೇ ಹಣ್ಣಾದ ಮೇಲೆ ಕೊಯ್ದು ಸಿಪ್ಪೆ ಸಮೇತ ಅಂಗಳದಲ್ಲಿ ಹರಡಿ ನಲ್ವತ್ತು ನಲ್ವತ್ತೈದು ದಿನ ಬಿಸಿಲಿಗೆ ಒಣಗಿಸುವುದು. ಕೊಯ್ದು ಹಾಕಿದ ಮೊದಲ ಎರಡು ಮೂರು ದಿನ ಅಂಗಳ ಇಡೀ ಕಿತ್ತಳೆ, ಹಳದಿ, ಅಲ್ಲಲ್ಲಿ ಹಸುರು ಬೆರೆತ ಬಣ್ಣ. ಆಮೇಲೆ ಮಂಕಾಗ್ತಾ ಹೋಗ್ತದೆ, ಹತ್ತು ಹದಿನೈದು ದಿನಕ್ಕೆ ಕಂದು. ಅಂದ್ರೆ ನನಗೆ ಬೇಕಾದ ಬಣ್ಣ ಸಿಗುವುದು ಕೊಯ್ಲಿನ ಮರುದಿನ ಅಥವಾ ಅದರ ಮರುದಿನ ಮಾತ್ರ.

ಹಾಗಾಗಿ ನಮ್ಮ ಡೇಟ್ ಫಿಕ್ಸ್ ಮಾಡಿದ್ದು ಫೋಟೋಗ್ರಾಫರೂ ಅಲ್ಲ, ನಾವೂ ಅಲ್ಲ, ಕೊಯ್ಲಿನವರು. ಈಗ ಮರ ಹತ್ತುವವರು ಸಿಗುವುದು ಎಷ್ಟು ಕಷ್ಟ ಅಂತ ತೋಟ ಇರುವ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಎರಡು ವರ್ಷದಿಂದ ಫೈಬರ್ ದೋಟಿಯವರು ಬರ್ತಾರೆ, ನೆಲದಲ್ಲಿ ನಿಂತುಕೊಂಡೇ ಉದ್ದದ ಕೋಲಲ್ಲಿ ಗೊನೆ ಇಳಿಸ್ತಾರೆ, ಆದ್ರೆ ಅವರದ್ದೂ ಒಂದು ಕ್ಯೂ, ಇಂದು ನಮ್ಮಲ್ಲಿ ನಾಳೆ ಆಚೆ ಮನೆಯಲ್ಲಿ. ಅಪ್ಪ ಫೋನ್ ಮಾಡಿ ಕೇಳಿದಾಗ ಡಿಸೆಂಬರ್ ಎರಡನೇ ವಾರ, ಗುರುವಾರ ಶುಕ್ರವಾರ ಅಂದ್ರು. ನಾನು ತಕ್ಷಣ ಇವರಿಗೆ, ಫೋಟೋಗ್ರಾಫರಿಗೆ ಮೆಸೇಜ್ ಹಾಕಿ ಶನಿವಾರ ಬ್ಲಾಕ್ ಮಾಡಿಸಿದೆ, ಭಾನುವಾರವನ್ನು ಎಕ್ಸ್‌ಟ್ರಾ ಅಂತ ಹಿಡಿದು ಇಟ್ಟೆ. ಈ ಎಕ್ಸ್‌ಟ್ರಾ ದಿನ ಇಟ್ಟುಕೊಳ್ಳುವುದು ಮುಖ್ಯ ಆಯ್ತಾ. ಮೋಡ ಬರಬಹುದು, ಕೊಯ್ಲು ಒಂದು ದಿನ ಮುಂದೆ ಹೋಗಬಹುದು.

ಫೋಟೋಗ್ರಾಫರ್ ಕುಂಬಳೆ ಕಡೆಯ ಹುಡುಗ, ಮನೆಯಲ್ಲಿ ಮಲಯಾಳ, ನಮ್ಮೊಟ್ಟಿಗೆ ತುಳು ಕನ್ನಡ ಬೆರೆಸಿ. ಕೋಟೆಯ ದಿನದ ಮೇಲೆ ನಾನು ಅವನೊಟ್ಟಿಗೆ ಒಂದು ಗಂಟೆ ಕೂತು ಎಲ್ಲ ಬಾಯಿ ಬಿಟ್ಟು ಮಾತಾಡಿದೆ, ಮೊದಲೇ ಮಾಡಬೇಕಿದ್ದ ಕೆಲಸ. ಎಡಿಟ್ ಮಾಡಿದ ಫೋಟೋ ಎಷ್ಟು ಕೊಡ್ತೀರಿ, ಎಷ್ಟು ದಿನದಲ್ಲಿ, ಕ್ಯಾಮರಾದಲ್ಲಿ ಎರಡು ಮೆಮೊರಿ ಕಾರ್ಡ್ ಒಟ್ಟಿಗೆ ಓಡ್ತದಾ, ಅಂದೇ ರಾತ್ರಿ ಎರಡು ಕಡೆ ಕಾಪಿ ಮಾಡಿ ಇಡ್ತೀರಾ, ಮುಖದ ಬಣ್ಣ ಬಿಳಿ ಮಾಡ್ಬೇಡಿ, ನನ್ನ ಬಣ್ಣ ನನ್ನದೇ ಇರಲಿ. ಕೊನೆಯದ್ದು ಕೇಳಿ ಅವನು ನೋಟ್ ಮಾಡಿಕೊಂಡ. 5000 ಅಡ್ವಾನ್ಸ್ ಮೊದಲೇ ಕೊಟ್ಟಾಗಿತ್ತು, ಬಾಕಿ ಫೋಟೋ ಬಂದ ಮೇಲೆ ಅಂತ ವಾಟ್ಸಾಪಲ್ಲಿಯೇ ಬರೆದು ಇಟ್ಟೆವು.

ಬೆಳಕಿನ ಲೆಕ್ಕಕ್ಕೆ ನಾನು ಅತಿ ಹೆಚ್ಚು ಸಮಯ ಕೊಟ್ಟೆ, ಅದು ಒಂದು ನಿಮಿಷವೂ ದಂಡ ಆಗ್ಲಿಲ್ಲ. ಬೆಳಗ್ಗಿನ ಬೆಳಕು ಚೆಂದ, ಸಂಜೆ ಬೆಳಕು ಚೆಂದ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ನಮ್ಮ ಮನೆ ಇರುವುದು ಗುಡ್ಡದ ಬುಡದಲ್ಲಿ, ಸುತ್ತ ತೋಟ. ಡಿಸೆಂಬರಲ್ಲಿ ಸೂರ್ಯ ಹುಟ್ಟುವುದು ಆರು ಮುಕ್ಕಾಲಕ್ಕೆ, ನಮ್ಮ ಅಂಗಳಕ್ಕೆ ಬಿಸಿಲು ಬೀಳುವುದು ಎಂಟೂವರೆಗೆ. ಹಿಂದಿನ ಭಾನುವಾರ ಮನೆಗೆ ಬಂದಿದ್ದಾಗ ಬೆಳಗ್ಗೆ ಏಳರಿಂದ ಹತ್ತರವರೆಗೆ ಅರ್ಧ ಅರ್ಧ ಗಂಟೆಗೆ ತಮ್ಮನನ್ನು ಅಂಗಳದ ಒಂದೇ ಕಡೆ ನಿಲ್ಲಿಸಿ ಮೊಬೈಲಲ್ಲಿ ಫೋಟೋ ತೆಗೆದೆ. ಒಂಬತ್ತಕ್ಕೆ ಅವನ ಮುಖದಲ್ಲಿ ಒಂದು ಬದಿ ಬೆಳಕು, ಒಂದು ಬದಿ ಮೆತ್ತಗಿನ ನೆರಳು, ತುಂಬ ಚೆಂದ. ಹತ್ತಕ್ಕೆ ಕಣ್ಣಿನ ಗುಳಿಯಲ್ಲಿ ಕಪ್ಪು ಕೂತಾಯ್ತು. ಅಂದ್ರೆ ನಮಗೆ ಸಿಗುವುದು ಎಂಟೂವರೆಯಿಂದ ಒಂಬತ್ತೂವರೆ, ಒಂದು ಗಂಟೆ. ಅದಕ್ಕೇ ಎಲ್ಲ ಹೊಂದಿಸಬೇಕು, ತಿಂಡಿ, ಸೀರೆ, ಹೂವು ಎಲ್ಲ ಎಂಟಕ್ಕೆ ಮುಗಿದಿರಬೇಕು.

ತೋಟದ ಒಳಗಿನದ್ದು ಬೇರೆಯೇ ಕತೆ. ಅಡಿಕೆ ತೋಟ ಕಣ್ಣಿಗೆ ಎಷ್ಟು ಚೆಂದವೋ ಕ್ಯಾಮರಾಕ್ಕೆ ಅಷ್ಟೇ ಕಷ್ಟ. ಸೋಗೆ ಎಡೆಯಿಂದ ಬಿಸಿಲು ತುಂಡು ತುಂಡಾಗಿ ಬೀಳ್ತದೆ, ಮೂಗಿನ ಮೇಲೆ ಒಂದು ಬಿಳಿ ಚುಕ್ಕೆ, ಕೆನ್ನೆ ಮೇಲೆ ಇನ್ನೊಂದು. ಮತ್ತೆ ಸುತ್ತ ಹಸುರು ಇರುವುದರಿಂದ ಮುಖಕ್ಕೂ ಹಸುರು ಛಾಯೆ ಹತ್ತಿಕೊಳ್ತದೆ, ಹುಷಾರಿಲ್ಲದವರ ಹಾಗೆ. ಬಿಸಿಲು ಬೀಳುವ ಮೊದಲು ಏಳೂವರೆಗೆ ಹೋಗಿ ಮುಗಿಸಬೇಕು, ಮತ್ತೆ ಮುಖದ ಹತ್ತಿರ ಬಿಳಿ ಥರ್ಮೋಕೋಲ್ ಶೀಟ್ ಹಿಡೀಬೇಕು, ಹಸುರು ಕಡಿಮೆ ಆಗ್ತದೆ. ಥರ್ಮೋಕೋಲ್ ಹಿಡಿದದ್ದು ತಮ್ಮ. ಕೈ ನೋಯುವವರೆಗೆ ಹಿಡಿದ, ಒಂದು ಸಲವೂ ಸಾಕು ಅನ್ನಲಿಲ್ಲ. ಇನ್ನೊಂದು, ಸೊಳ್ಳೆ. ಬೆಳಗ್ಗೆ ತೋಟದಲ್ಲಿ ಐದು ನಿಮಿಷ ನಿಂತರೆ ಕೈಯೆಲ್ಲ ಕೆಂಪು ದಡಿಕೆ, ಕ್ಲೋಸಪ್‌ನಲ್ಲಿ ಎಲ್ಲ ಕಾಣ್ತದೆ. ಓಡೋಮಸ್ ಕೈಕಾಲು ಕುತ್ತಿಗೆಗೆ ಮೊದಲೇ ಹಚ್ಚಿಕೊಳ್ಳಿ, ಮೇಕಪ್ ಆಮೇಲೆ.

ಸೀರೆ ಬಗ್ಗೆ ನನಗೆ ತುಂಬ ಹೇಳ್ಲಿಕ್ಕುಂಟು. ಬದ್ಧಕ್ಕೆ ಉಟ್ಟದ್ದು ರೇಷ್ಮೆ, ಅದನ್ನೇ ಉಡು ಅಂತ ಅಮ್ಮ. ರೇಷ್ಮೆ ಬಿಸಿಲಿಗೆ ಮಿಂಚ್ತದೆ, ಜರಿ ಇನ್ನೂ ಹೆಚ್ಚು. ಅದೂ ಅಲ್ಲದೆ ಕಾಸರಗೋಡಲ್ಲಿ ಹುಟ್ಟಿ ಕಾಸರಗೋಡು ಸೀರೆ ಒಂದೂ ನನ್ನ ಹತ್ತಿರ ಇರಲಿಲ್ಲ, ಅದು ನನಗೆ ಬಹಳ ದಿನದಿಂದ ಮನಸ್ಸಲ್ಲಿ ಕೊರೀತಾ ಇತ್ತು. ವಿದ್ಯಾನಗರದ ಹತ್ತಿರ ನೇಕಾರರ ಸೊಸೈಟಿಗೆ ಅಮ್ಮನನ್ನೇ ಕರ್ಕೊಂಡು ಹೋದೆ. ಕೈಮಗ್ಗದ ಹತ್ತಿ ಸೀರೆ, 60ರಿಂದ 100 ಕೌಂಟಿನ ನೂಲು (ನಂಬರ್ ಹೆಚ್ಚಾದಷ್ಟು ಎಳೆ ಸಣ್ಣ), ಇದೇ ಊರಿನದ್ದು ಅಂತ ಗುರುತಿಸುವ ಜಿಐ ಟ್ಯಾಗ್ ಇರುವಂಥದ್ದು. ಒಳಗೆ ಮಗ್ಗದ ಶಬ್ದ ಕೇಳ್ತಾ ಅಮ್ಮ ಒಂದು ಸೀರೆ ಬಿಡಿಸಿ ಬೆರಳೆಡೆಯಲ್ಲಿ ಹಿಡಿದು ನೋಡಿದ್ರು, ಬಿಟ್ರು, ಮತ್ತೆ ಹಿಡಿದ್ರು, ಆಮೇಲೆ ರೇಷ್ಮೆ ಮಾತೇ ಎತ್ತಲಿಲ್ಲ. ಬಣ್ಣ ಆರಿಸಿದ್ದು ಅಡಿಕೆ ಲೆಕ್ಕದಲ್ಲಿ. ಕಿತ್ತಳೆ ಮೇಲೆ ಕೆಂಪು ಹಳದಿ ಕಾಣುವುದಿಲ್ಲ, ಗಾಢ ನೀಲಿ ಎದ್ದು ಬರ್ತದೆ. ತೀರಾ ಸಣ್ಣ ಗೆರೆ, ಸಣ್ಣ ಚೌಕುಳಿ ಬೇಡ ಅಂತ ಫೋಟೋಗ್ರಾಫರ್ ಹೇಳಿದ್ದ, ಕ್ಯಾಮರಾದಲ್ಲಿ ಅದು ಅಲೆ ಅಲೆಯಾಗಿ ಕಾಣ್ತದಂತೆ. ಹಾಗೆ ನೀಲಿ ಒಡಲು, ಬಿಳಿ ಅಂಚು. ಒಂದು ಸಲ ನೀರಿಗೆ ಹಾಕಿ, ಗಂಜಿ ಕೊಟ್ಟು, ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿದೆವು. ರವಿಕೆ ಹೊಲಿಸುವವರಿಗೆ ಮದುವೆ ಸೀಸನ್ ಇರುವುದರಿಂದ ಕಾಡಿ ಬೇಡಿ ಹತ್ತೇ ದಿನದಲ್ಲಿ ತೆಗೆಸಿದ್ದು, ನೀವು ಮೂರು ವಾರ ಮೊದಲೇ ಕೊಡಿ. ಇವರಿಗೆ ಬಿಳಿ ಮುಂಡು (ಪಂಚೆ) ಬೇಡ ಅಂದೆ, ಪೂರ್ತಿ ಬಿಳಿ ಬಿಸಿಲಿಗೆ ಸುಟ್ಟು ಹೋಗಿ ಮಡಿಕೆಯೇ ಕಾಣುವುದಿಲ್ಲ, ಹಾಗಾಗಿ ಕೋರಾ ಬಣ್ಣದ ಮುಂಡು, ಕಡು ಹಸುರು ಶರ್ಟು.

ಹೂವು ಒಂದು ಚೆಂಡು (ಕಟ್ಟಿದ ಮಾಲೆಯ ಸುರುಳಿ) ಮಲ್ಲಿಗೆ ಸಾಕಾಯ್ತು. ಚಳಿಗೆ ಬೆಳೆ ಕಡಿಮೆ, ರೇಟು ಮೇಲೆ, ಅಟ್ಟೆ ತಗೊಂಡ್ರೆ ನಾಲ್ಕು ಚೆಂಡು, ಅಷ್ಟು ನನ್ನ ಜಡೆಗೆ ಬೇಡ.

ಶನಿವಾರ ಬೆಳಗ್ಗೆ ಅಮ್ಮ ತೆಳ್ಳವು (ನೀರುದೋಸೆ) ಎರೆದು, ಕಾಯಿಬೆಲ್ಲ ಮಾಡಿ ಎಲ್ಲರಿಗೂ ಏಳಕ್ಕೇ ಬಡಿಸಿ ಆಗಿತ್ತು. ಇವರು ತಮ್ಮ ಊರು ಬಾಯಾರಿಂದ ಬೈಕಲ್ಲಿ ಬಂದ್ರು. ಮೊದಲು ತೋಟದ ತಲೆಯಲ್ಲಿ ಇರುವ ಸುರಂಗದ ಹತ್ತಿರ ಹೋದೆವು. ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ, ಅಜ್ಜ ಸ್ವತಃ ನಿಂತು ತೋಡಿಸಿದ್ದು, ಒಳಗೆ 40 ಕೋಲು (ಹಳೆಯ ಕಾಲದ ಉದ್ದದ ಅಳತೆ) ಅಂತ ಹೇಳ್ತಿದ್ರು. ಪಂಪು ಇಲ್ಲ, ಕರೆಂಟ್ ಇಲ್ಲ, ನೀರು ತಾನಾಗಿ ಹರಿದು ಬಂದು ಕೆಳಗಿನ ಟಾಂಕಿಗೆ ಬೀಳ್ತದೆ. ಒಳಗೆ ಹೋಗಿ ತೆಗೆಯುವುದು ಬೇಡ ಅಂತ ಅಪ್ಪ ಮೊದಲೇ ಹೇಳಿದ್ದರು, ಮಣ್ಣು ಯಾವಾಗ ಹೇಗಿರ್ತದೆ ಹೇಳ್ಲಿಕ್ಕಾಗುವುದಿಲ್ಲ, ಬಾವಲಿ ಬೇರೆ. ಬಾಯಿಯ ಹತ್ತಿರ ಕೂತು ನೀರಿಗೆ ಕಾಲು ಬಿಟ್ಟು ಮಾತಾಡ್ತಾ ಇದ್ದೆವು, ಅಲ್ಲಿ ಅವನು ದೂರದಿಂದ ತೆಗೆದ. ಅವರ ಮನೆಯಲ್ಲಿಯೂ ಸುರಂಗ ಎರಡು ಉಂಟಂತೆ, ಒಂದು ಬತ್ತಿ ಹೋಗಿದೆ. ಅದು ನನಗೆ ಅಂದೇ ಗೊತ್ತಾದದ್ದು.

ಎಂಟೂವರೆಗೆ ಅಂಗಳ. ಕೊಯ್ಲು ಶುಕ್ರವಾರ ಸಂಜೆಗೇ ಮುಗಿದಿತ್ತು, ಅಪ್ಪ ರಾತ್ರಿಯೇ ಹಾಳೆ, ಕಸ ಎಲ್ಲ ಹೆಕ್ಕಿ ಅಡಿಕೆ ಸಮ ಹರಡಿ ಇಟ್ಟಿದ್ರು, ಯಾರೂ ಹೇಳಿರಲಿಲ್ಲ ಅವರಿಗೆ. ನಾನು ಇನ್‌ಸ್ಟಾದಿಂದ ಸೇವ್ ಮಾಡಿ ಇಟ್ಟಿದ್ದ ಪೋಸುಗಳು ನಲ್ವತ್ತು ಇದ್ದವು. ಮೂರು ಮಾಡುವಾಗಲೇ ನಮ್ಮಿಬ್ಬರಿಗೂ ಕೈ ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಮರಗಟ್ಟಿ ನಿಂತೆವು. ಫೋಟೋಗ್ರಾಫರ್ "ಒಂತೆ ಉಂತ್ಲೆ ಅಕ್ಕ" (ಸ್ವಲ್ಪ ನಿಲ್ಲಿ ಅಕ್ಕ) ಅಂತ ಲೆನ್ಸ್ ಬದಲಿಸ್ಲಿಕ್ಕೆ ಹೋದ. ಆಗ ಇವರು ಚಪ್ಪಲಿ ಬಿಟ್ಟು ಮುಂಡು ಎತ್ತಿ ಕಟ್ಟಿ ಅಡಿಕೆ ಒಳಗೆ ಇಳಿದ್ರು. ಅಡಿಕೆ ಮೊಗಚಲಿಕ್ಕೆ. ಹೊತ್ತಾಯ್ತಲ್ಲ, ಬಿಸಿಲು ಬಿದ್ದಾಯ್ತು, ಒಂದು ಸಲ ಮೊಗಚಬೇಕಲ್ಲ ಅಂದ್ರು.

ನಾನು ನೋಡ್ತಾ ನಿಂತೆ. ಪಾದ ಎತ್ತುವುದಿಲ್ಲ, ಹಿಮ್ಮಡಿ ನೆಲಕ್ಕೆ ತಾಗಿಸಿಯೇ ಮುಂದೆ ದೂಡುವುದು, ಬೆರಳು ಸ್ವಲ್ಪ ಒಳಗೆ ತಿರುಗಿರ್ತದೆ, ಅಡಿಕೆ ಎರಡೂ ಬದಿಗೆ ಗಳಗಳ ಅಂತ ಸರಿದು ಹಿಂದೆ ಒಂದು ಸಾಲು ಬೀಳ್ತದೆ. ಆಫೀಸಲ್ಲಿ ದಿನ ಇಡೀ ಕಂಪ್ಯೂಟರ್ ಮುಂದೆ ಕೂರುವ ಮನುಷ್ಯ, ಆದ್ರೆ ಕಾಲಿಗೆ ಇನ್ನೂ ನೆನಪುಂಟು. ನನಗೂ ಬರ್ತದೆ, ಏಳನೇ ಕ್ಲಾಸಿಂದ ಮಾಡಿದ ಕೆಲಸ. ಸೀರೆ ಸ್ವಲ್ಪ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಾನೂ ಇಳಿದೆ. ಅವರ ಸಾಲಿನ ಪಕ್ಕ ನನ್ನ ಸಾಲು. ಹಸಿ ಅಡಿಕೆ ರಾತ್ರಿಯ ಇಬ್ಬನಿಗೆ ತಣ್ಣಗಿತ್ತು, ಪಾದಕ್ಕೆ ಒತ್ತುವಾಗ ಹಿತ. ಎಂತ ಮಾತಾಡಿದೆವು ಅಂತ ಇಲ್ಲಿ ಬರೆಯುವುದಿಲ್ಲ. ಅಂಗಳದ ತುದಿಗೆ ಹೋಗಿ ತಿರುಗಿ ಬರುವುದು, ಮತ್ತೆ ಹೋಗುವುದು. ಫೋಟೋಗ್ರಾಫರ್ ಯಾವಾಗ ಉಪ್ಪರಿಗೆ ಹತ್ತಿದ, ಯಾವಾಗ ಕಿಟಿಕಿಯಿಂದ ತೆಗೆದ, ನಮಗೆ ಗೊತ್ತೇ ಆಗ್ಲಿಲ್ಲ. ಮೇಲಿಂದ ನೋಡಿದ್ರೆ ಇಡೀ ಅಂಗಳ ಕಿತ್ತಳೆ, ಅದರಲ್ಲಿ ಉದ್ದಕ್ಕೆ ಗೆರೆಗಳು, ಗೆರೆಯ ತುದಿಯಲ್ಲಿ ನಾವಿಬ್ರು. ನೀವೆಲ್ಲ ಕೇಳಿದ ಫೋಟೋ ಅದೇ. ಅಪ್ಪ ಅದನ್ನು ಲ್ಯಾಪ್‌ಟಾಪಲ್ಲಿ ತುಂಬ ಹೊತ್ತು ನೋಡಿ, ನನ್ನ ಕಡೆಯ ಗೆರೆಗೆ ಬೆರಳಿಟ್ಟು, "ಇದು ಸಾಲು ಸಮ ಆಯಿದಿಲ್ಲೆ" ಅಂದ್ರು. ಹೌದು, ಅಲ್ಲಿ ನಾನು ಇವರ ಮುಖ ನೋಡ್ತಾ ಇದ್ದೆ.

ಇನ್ನೊಂದು ವಿಷಯ, ನಮ್ಮ ಗಡಿಯವರಿಗೆಲ್ಲ ಆಗುವಂಥದ್ದು. ಫೋಟೋ ಮೇಲೆ ಕನ್ನಡದಲ್ಲಿ ಎರಡು ಸಾಲು ಹಾಕಿ ಕಾರ್ಡ್ ಮಾಡುವ ಅಂತ ಇತ್ತು. ಡಿಸೈನ್ ಮಾಡಿ ಕಳಿಸಿದ್ದರಲ್ಲಿ ನಿಶ್ಚಿತಾರ್ಥದ ಒತ್ತಕ್ಷರ ಎಲ್ಲ ಬಿಡಿ ಬಿಡಿಯಾಗಿ, ಅರ್ಕಾವೊತ್ತು ಎಲ್ಲೋ, ಥ ಎಲ್ಲೋ. ಡಿಸೈನ್ ಮಾಡುವ ಹುಡುಗನಿಗೆ ಕನ್ನಡ ಓದ್ಲಿಕ್ಕೆ ಬರುವುದಿಲ್ಲ, ಅವನಿಗೆ ತಪ್ಪು ಕಾಣುವುದಾದರೂ ಹೇಗೆ. ಇಂಗ್ಲಿಷಲ್ಲಿ ಹಾಕಿಬಿಡುವ ಅಂತ ಸಲಹೆ ಬಂತು, ನಾನು ಒಪ್ಪಲಿಲ್ಲ. ಇದೇ ಜಿಲ್ಲೆಯಲ್ಲಿ ಕವಿಗಳಾದ ಗೋವಿಂದ ಪೈಗಳು, ಕಯ್ಯಾರ ಕಿಞ್ಞಣ್ಣ ರೈಗಳು ಕೂತು ಬರೆದದ್ದು, ನನ್ನ ಬದ್ಧದ ಕಾರ್ಡಲ್ಲಿ ಎರಡು ಸಾಲು ಸರಿಯಾದ ಕನ್ನಡ ಇರಲೇಬೇಕು. ಇವರು ಹುಡುಕಿ ಹೇಳಿದ್ರು, ಫೋಟೋಶಾಪಿನ ಹಳೆಯ ವರ್ಷನುಗಳ ಟೈಪ್ ಸೆಟ್ಟಿಂಗಲ್ಲಿ ವರ್ಲ್ಡ್ ರೆಡಿ ಲೇಔಟ್ ಅಂತ ಉಂಟು, ಅದನ್ನು ಆನ್ ಮಾಡಿ ಯೂನಿಕೋಡ್ ಫಾಂಟ್ ಹಾಕಿದ್ರೆ ಒತ್ತಕ್ಷರ ಸರಿ ಕೂರ್ತದೆ. ಕೂತಿತು. ಆ ಹುಡುಗ ಈಗ ಬೇರೆ ಕನ್ನಡದವರ ಕಾರ್ಡನ್ನೂ ಹಾಗೆಯೇ ಮಾಡ್ತೇನೆ ಅಂದ, ಅದು ನನಗೆ ಫೋಟೋದಷ್ಟೇ ಖುಷಿ ಕೊಟ್ಟಿತು. ಪ್ರಿಂಟಿಗೆ ಹೋಗುವ ಮೊದಲು ಮಾತ್ರ ಕನ್ನಡ ಓದುವವರು ಇಬ್ಬರಾದ್ರೂ ನೋಡಿ.

ಮದುವೆ ಮೇ ತಿಂಗಳಲ್ಲಿ. ಆ ದಿನದ ಅಡಿಕೆ ಒಣಗಿ ಆಯ್ತು, ಬಣ್ಣ ಹೋಗಿ ಬೂದು ಕಂದು ಆಗಿದೆ, ಅಲ್ಲಾಡಿಸಿದ್ರೆ ಒಳಗೆ ಕಟಕಟ ಅಂತದೆ. ಸುಲಿಯುವವರು ಮುಂದಿನ ವಾರ ಬರ್ತಾರೆ. ಅಪ್ಪ ಅದರಲ್ಲಿ ಎರಡು ಗೋಣಿ ಬೇರೆ ಕಟ್ಟಿಸಿ ಅಟ್ಟದ ಮೇಲೆ ಇಟ್ಟಿದ್ದಾರೆ, ಮದುವೆ ದಿನ ಹರಿವಾಣದಲ್ಲಿ ವೀಳ್ಯದೆಲೆಯೊಟ್ಟಿಗೆ ಇಡ್ಲಿಕ್ಕೆ.